ಬಾಡಿಗೆ ಷಟ್ಕರ್ಮಗಳಲ್ಲಿಲ್ಲ

ಪುಣೆಯ ಹಿಂಜವಡಿಯಲ್ಲಿ ಕಚೇರಿಯ ಜಾಗವನ್ನೋ ಎರಡನೆಯ ಫ್ಲ್ಯಾಟನ್ನೋ ಕೊಂಡು ಬಾಡಿಗೆ ಎಣಿಸುವವರಿಗೆ ನಮ್ಮ ಸಮಾಜದ ಸಭೆಗಳಲ್ಲಿ ಉದ್ಯಮಿಗಳೆಂದು ಶಾಲು ಹೊದಿಸಲಾಗುತ್ತಿದೆ. ಹತ್ತು ಜನರಿಗೆ ಸಂಬಳ ಕೊಡುವ ಸಣ್ಣ ಸಾಫ್ಟ್‌ವೇರ್ ಸಂಸ್ಥೆಯ ತರುಣ ಅದೇ ಸಭೆಯ ಹಿಂದಿನ ಸಾಲಿನಲ್ಲಿರುತ್ತಾನೆ. ಅವನಿಗೆ ಹೆಣ್ಣು ಕೊಡಲೂ ನಾವು ಹಿಂಜರಿಯುತ್ತೇವೆ!

ಪಾರ್ಕ್ ಎಂದರೆ ಉದ್ಯೋಗ ಎಂಬ ನಂಬಿಕೆಯನ್ನು ಬೆಳೆಸಿದವು ನಮ್ಮ ಸರ್ಕಾರಗಳೇ. 1991ರಲ್ಲಿ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ಸ್ ಆಫ್ ಇಂಡಿಯಾ ಸ್ಥಾಪನೆಯಾದಾಗ ಅದರ ಮುಖ್ಯ ಕೊಡುಗೆ ಕಟ್ಟಡವಾಗಿರಲಿಲ್ಲ; ಉಪಗ್ರಹ ಸಂಪರ್ಕ, ಸುಂಕವಿಲ್ಲದ ಯಂತ್ರಗಳ ಆಮದು, ಒಂದೇ ಕಡೆ ದೊರೆಯುವ ಅನುಮತಿಗಳಾಗಿದ್ದವು. ಸಂಸ್ಥೆಯು ಊರಿನ ಯಾವ ಬೀದಿಯಲ್ಲಿದ್ದರೂ ಯೋಜನೆಯ ಘಟಕವಾಗಬಹುದಿತ್ತು. 2005ರ ವಿಶೇಷ ಆರ್ಥಿಕ ವಲಯ ಕಾಯಿದೆಯ ತರುವಾಯ ರಿಯಾಯಿತಿಯು ನೆಲಕ್ಕೆ ಅಂಟಿಕೊಂಡಿತು. ಗಡಿ ಗುರುತಿಸಿದ ಆವರಣದೊಳಗಿನ ಘಟಕಕ್ಕೆ ರಫ್ತಿನ ಲಾಭದ ಮೇಲೆ ಮೊದಲ 5 ವರ್ಷ ಪೂರ್ಣ ತೆರಿಗೆ ವಿನಾಯಿತಿ, ಮುಂದಿನ 5 ವರ್ಷ ಅರ್ಧ. ಎಷ್ಟು ಜನರಿಗೆ ಹೊಸದಾಗಿ ಕೆಲಸ ಕೊಟ್ಟಿರಿ ಎಂಬ ಪ್ರಶ್ನೆಗೆ ಆ ತೆರಿಗೆ ಲೆಕ್ಕದಲ್ಲಿ ಸ್ಥಾನವೇ ಇರಲಿಲ್ಲ. ಹೊಸ ಘಟಕಗಳಿಗೆ ಆ ವಿನಾಯಿತಿಯ ಬಾಗಿಲು 2020ರಲ್ಲಿ ಮುಚ್ಚಿತು. ವಲಯಗಳಲ್ಲಿ ಮಹಡಿಗಳು ಖಾಲಿ ಉಳಿದವು. 2023ರ ಡಿಸೆಂಬರಿನಲ್ಲಿ ಕೇಂದ್ರವು ನಿಯಮಗಳನ್ನು ತಿದ್ದಿ, ಪಡೆದ ತೆರಿಗೆ ಲಾಭವನ್ನು ಮರಳಿಸಿದರೆ ಅಂಥ ಮಹಡಿಗಳನ್ನು ವಲಯದ ಹೊರಗಿನ ಕಂಪನಿಗಳಿಗೂ ಕೊಡಬಹುದೆಂದಿತು. ಕಟ್ಟಡದ ಒಡೆಯನ ಸಂಕಟ ದಿಲ್ಲಿಗೆ ಕೇಳಿಸಿತು.

ಅಲ್ಲಿ ಸಾವಿರಾರು ಜನ ದುಡಿಯುತ್ತಿಲ್ಲವೇ ಎಂದು ಕೇಳಬಹುದು. ದುಡಿಯುತ್ತಿದ್ದಾರೆ, ನಮ್ಮ ಮಕ್ಕಳೂ ಇದ್ದಾರೆ. ಆದರೆ ಹಳೆಯ ಕಚೇರಿಯಿಂದ ಗಾಜಿನ ಗೋಪುರಕ್ಕೆ ಸಾಗಿಸಿದ ಮೇಜು ಹೊಸ ಉದ್ಯೋಗವಲ್ಲ. ಸಂಸ್ಥೆಯೊಂದರಲ್ಲಿ ಕೆಲಸಗಳು ಹೆಚ್ಚುವುದು ಅದಕ್ಕೆ ಹೊಸ ಗಿರಾಕಿಗಳೂ, ನಾಲ್ಕಾರು ವರ್ಷ ಕಾಯಬಲ್ಲ ಬಂಡವಾಳವೂ ದೊರೆತಾಗ. ಆ ಬಂಡವಾಳ ನಮ್ಮ ಮನೆಗಳಲ್ಲಿತ್ತು. ಅದನ್ನು ನಾವು ಸಿಮೆಂಟಿಗೆ ಸುರಿದೆವು. ಸುರಿದುದರ ಫಲವಾಗಿ ಏರಿದ ಬಾಡಿಗೆಯನ್ನು ಕಟ್ಟುತ್ತಿರುವವನು ಹಿಂದಿನ ಸಾಲಿನ ಆ ತರುಣನೇ.

ಆದಿನಾಥ ಸ್ವಾಮಿಯು ಪ್ರಜೆಗಳಿಗೆ ಕಲಿಸಿದ ಜೀವನೋಪಾಯಗಳು ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ. ಈ ಆರರ ಸಾಲಿಗೆ ಏಳನೆಯದಾಗಿ ಬಾಡಿಗೆಯನ್ನು ಸೇರಿಸಿದವರು ನಾವು. ಪರಿಗ್ರಹ ಪರಿಮಾಣದ ಮಾತನ್ನು ಪರ್ಯೂಷಣದ ಹತ್ತು ದಿನಗಳಿಗೆ ಮೀಸಲಿಟ್ಟವರೂ ನಾವೇ. 1899ರಲ್ಲಿ ದಕ್ಷಿಣ ಭಾರತ ಜೈನ ಸಭೆಯನ್ನು ಕಟ್ಟಿದ ಪೀಳಿಗೆಯೂ ಕಟ್ಟಡಗಳನ್ನು ಎಬ್ಬಿಸಿತು, ನಿಜ. ಅವು ವಿದ್ಯಾರ್ಥಿ ವಸತಿಗೃಹಗಳು; ಒಳಗಿರುವವನು ಓದಿ ಮೇಲೆ ಬರಲೆಂದು ಎದ್ದವು.

ಮುಂದಿನ ಸಮಾವೇಶದ ಸನ್ಮಾನಪಟ್ಟಿ ಸಿದ್ಧಪಡಿಸುವವರು, ಪಟ್ಟಿಯಲ್ಲಿರುವವನು ಎಷ್ಟು ನೌಕರರ ಭವಿಷ್ಯನಿಧಿ ತುಂಬುತ್ತಾನೆಂಬುದನ್ನು ಮೊದಲು ವಿಚಾರಿಸಲಿ. ಮತ ಕೇಳಲು ಬಂದು ಇನ್ನೊಂದು ಪಾರ್ಕಿನ ಆಶ್ವಾಸನೆ ಕೊಡುವ ಅಭ್ಯರ್ಥಿಯನ್ನೂ, ಇರುವ ಪಾರ್ಕಿನ ಸಂಸ್ಥೆಗಳಲ್ಲಿ ಕಳೆದ ಐದು ವರ್ಷಗಳಲ್ಲಿ ಎಷ್ಟು ಕೆಲಸಗಳು ಹೊಸದಾಗಿ ಸೃಷ್ಟಿಯಾದವು, ಎಷ್ಟು ಬೇರೆಡೆಯಿಂದ ಬಂದು ಸೇರಿದವು ಎಂದು ಬಾಗಿಲಲ್ಲೇ ನಿಲ್ಲಿಸಿ ಕೇಳೋಣ.