ಇಳಿಜಾರಿನ ಲಾವಂಚದ ಬೇರು ಕೀಳಬೇಡಿ

ಲಾವಂಚ ಬೆಳೆದರೆ ಎಕರೆಗೆ ಲಕ್ಷಗಟ್ಟಲೆ ಲಾಭ ಅನ್ನೋ ವಿಡಿಯೋ ನಿಮ್ಮ ಮೊಬೈಲಿಗೂ ಬಂದಿರುತ್ತೆ. ಬೇರಿನ ಎಣ್ಣೆಗೆ ಸುಗಂಧದ್ರವ್ಯ ತಯಾರಿಸುವವರಿಂದ ಬೇಡಿಕೆ ಇರೋದು ನಿಜ. ಆದರೆ ನಿಮ್ಮ ಹೊಲ ಸಮತಟ್ಟೋ, ಇಳಿಜಾರೋ ಅಂತ ಆ ವಿಡಿಯೋದವರು ಕೇಳೋದೇ ಇಲ್ಲ. ನನ್ನ ತಕರಾರು ಅಲ್ಲೇ ಇರೋದು.

ಈ ಹುಲ್ಲಿನ ಬೇರು ಅಡ್ಡಕ್ಕೆ ಹರಡದೆ ನೇರ ಕೆಳಗಿಳಿಯುತ್ತೆ. ಆಳವಾದ ಮಣ್ಣು ಸಿಕ್ಕರೆ 3 ಮೀಟರ್‌ವರೆಗೂ ಹೋಗುತ್ತೆ. ಒತ್ತಾಗಿ ನೆಟ್ಟ ಸಾಲು ಮಳೆನೀರನ್ನು ಕಟ್ಟಿ ನಿಲ್ಲಿಸಲ್ಲ, ಸೋಸಿ ನಿಧಾನಕ್ಕೆ ಬಿಡುತ್ತೆ. ಕೊಚ್ಚಿ ಬಂದ ಮಣ್ಣು ಸಾಲಿನ ಮೇಲ್ಬದಿಯಲ್ಲೇ ಕೂರುತ್ತೆ. ಮಣ್ಣು ಏರಿದ ಹಾಗೆ ಹುಲ್ಲೂ ಮೇಲೇರುತ್ತೆ, ಕೆಲವು ವರ್ಷಗಳಲ್ಲಿ ಹೊಲ ತಾನಾಗೇ ಮೆಟ್ಟಿಲಾಗುತ್ತೆ. ಜೆಸಿಬಿಯಲ್ಲಿ ಹಾಕಿಸಿದ ಮಣ್ಣಿನ ಬದು ಹಾಗಲ್ಲ. ಜೋರು ಮಳೆಗೆ ಒಂದು ಕಡೆ ಒಡೆದರೆ ನಿಂತ ನೀರೆಲ್ಲ ಅಲ್ಲೇ ನುಗ್ಗಿ ಕೊರಕಲು ಮಾಡುತ್ತೆ.

ಇದೇನು ಹೊರಗಿನವರು ಕಲಿಸಿದ ವಿದ್ಯೆ ಅಲ್ಲ. ವಿಶ್ವಬ್ಯಾಂಕಿನ ಜಾನ್ ಗ್ರೀನ್‌ಫೀಲ್ಡ್, ರಿಚರ್ಡ್ ಗ್ರಿಮ್‌ಶಾ 1980ರ ದಶಕದಲ್ಲಿ ಲಾವಂಚದ ಸಾಲಿನ ಬಗ್ಗೆ ಪ್ರಚಾರ ಮಾಡಿದರು. ಅದಕ್ಕೂ ಎಷ್ಟೋ ಮೊದಲೇ ನಮ್ಮ ಗುಂಡ್ಲುಪೇಟೆ ಕಡೆ ರೈತರು ಜಮೀನಿನ ಗಡಿಗೆ ಇದನ್ನೇ ನೆಟ್ಟಿದ್ದರು.

ಈಗ ಎಣ್ಣೆಯ ಲೆಕ್ಕಕ್ಕೆ ಬನ್ನಿ. ಎಣ್ಣೆ ಇರೋದು ಬೇರಲ್ಲಿ. ಅಂದ್ರೆ ಒಂದೂವರೆ ವರ್ಷ ಮಣ್ಣು ಹಿಡಿದು ನಿಂತದ್ದನ್ನೇ ಅಗೆದು ತೆಗೀಬೇಕು. ಇಳಿಜಾರಲ್ಲಿ ಹಾಗೆ ಸಡಿಲಾದ ಮೇಲ್ಮಣ್ಣು ಮುಂದಿನ ಮಳೆಗೆ ಹಳ್ಳ ಸೇರುತ್ತೆ. ಲಾವಂಚದ ಎಣ್ಣೆಗೆ ಜಗತ್ತಿನಲ್ಲೇ ಹೆಸರಾದ ಹೈಟಿ ದೇಶದ ಗುಡ್ಡಗಳಲ್ಲಿ ಆಗಿರೋದೂ ಇದೇ: ಮಣ್ಣು ಉಳಿಸೋ ಹುಲ್ಲೇ ಮಣ್ಣು ಕಳೆಯೋಕೆ ಕಾರಣವಾಗಿದೆ.

ಸಮತಟ್ಟಾದ ಮರಳುಮಿಶ್ರಿತ ಜಮೀನಿದ್ದು, ಹತ್ತಿರದಲ್ಲೇ ಎಣ್ಣೆ ತೆಗೆಯೋ ಘಟಕವಿದ್ದರೆ ಬೆಳೀರಿ, ನನ್ನ ಅಡ್ಡಿಯಿಲ್ಲ. ಆದರೆ ಸಸಿ ಮಾರುವವರೇ ಬೇರನ್ನೂ ಕೊಳ್ತೀವಿ ಅಂದ್ರೆ ಲಿಖಿತ ಕರಾರು ಕೇಳಿ. (ಕೇಳಿದ ಮೇಲೆ ಅವರು ಫೋನ್ ಎತ್ತುತ್ತಾರಾ ಅನ್ನೋದೂ ಗೊತ್ತಾಗುತ್ತೆ.)

ಇಳಿಜಾರು ಹೊಲದವರು ಸಾಲಿಗಷ್ಟೇ ನೆಡಿ. ಗಾರೆ ಕೆಲಸದವರ ಲೆವೆಲ್ ಪೈಪ್ ಹಿಡಿದು ಸಮಪಾತಳಿಯ ಗೆರೆ ಗುರುತು ಮಾಡ್ಕೊಳ್ಳಿ. ಹಳೇ ಬುಡ ಸೀಳಿದ ತೆಂಡೆಗಳನ್ನು 4ರಿಂದ 6 ಇಂಚಿಗೊಂದರಂತೆ ಮುಂಗಾರು ಶುರುವಾದಾಗ ಹಾಕಿ. ಒಂದು ಸಾಲಿನಿಂದ ಇನ್ನೊಂದಕ್ಕೆ ಹೊಲ 1ರಿಂದ 2 ಮೀಟರ್ ತಗ್ಗಿದ್ದರೆ ಸಾಕು.

ಕಳೆಯಾಗಿ ಹಬ್ಬುತ್ತೆ ಅನ್ನೋ ಭಯ ಬೇಡ, ದಕ್ಷಿಣದ ಕೃಷಿ ತಳಿ ಮೊಳೆಯೋ ಬೀಜ ಕಟ್ಟಲ್ಲ. ಉತ್ತರ ಭಾರತದ ಕಾಡು ತಳಿ ಬೀಜದಿಂದ ಹರಡುತ್ತೆ, ಅದಕ್ಕೇ ಆನ್‌ಲೈನಲ್ಲಿ ತರಿಸೋ ಬದಲು ನಮ್ಮ ಕಡೆಯ ಬುಡವನ್ನೇ ಹುಡುಕಿ. ತೋಟದ ದಟ್ಟ ನೆರಳಲ್ಲಿ ಮಾತ್ರ ಇದು ಸೊರಗುತ್ತೆ. ಎಳೇ ಗರಿಯನ್ನು ದನ ತಿನ್ನುತ್ತೆ, ಬಲಿತದ್ದನ್ನು ಕೊಯ್ದು ಗಿಡದ ಬುಡಕ್ಕೆ ಮುಚ್ಚಿಗೆ ಹಾಕಿ.

ಸಾಲು ಕೂಡಿಕೊಳ್ಳೋಕೆ ಎರಡು-ಮೂರು ಮಳೆಗಾಲ ಬೇಕು. ಅಲ್ಲೀವರೆಗೆ ತೆಂಡೆ ಸತ್ತ ಜಾಗದಲ್ಲೇ ನೀರು ನುಗ್ಗೋದು. ಮೊದಲ ಮಳೆಗಾಲದಲ್ಲೇ ಒಮ್ಮೆ ಸಾಲಿನುದ್ದಕ್ಕೂ ನಡೆದು, ಖಾಲಿ ಇದ್ದ ಕಡೆ ಹೊಸದು ಹಾಕಿ.