ರಕ್ತದ ಕಾವಲೂ ಸದುದ್ದೇಶದ ಪರೀಕ್ಷೆಯೂ

ಮಿದುಳನ್ನು ಕಾಯುವುದು ತಲೆಬುರುಡೆಯೊಂದೇ ಎಂದು ಸಾಮಾನ್ಯವಾಗಿ ಭಾವಿಸುವುದುಂಟು. ರಕ್ತದಲ್ಲಿ ಹರಿಯುವ ಆಲ್ಬುಮಿನ್ ಎಂಬ ಪ್ರೋಟೀನಿಗೂ ಆ ಕಾವಲಿನಲ್ಲಿ ಪಾಲಿದೆ. ಯಕೃತ್ತಿನಲ್ಲಿ ಸಿದ್ಧವಾಗುವ ಇದು ರಕ್ತರಸದ ಪ್ರೋಟೀನುಗಳಲ್ಲಿ ಅರ್ಧಕ್ಕೂ ಮಿಗಿಲಾದ ಭಾಗ. ಇದರ ಕಾವಲಿನ ಬೆಲೆ ಸ್ಪಷ್ಟವಾಗಿ ಗೋಚರಿಸುವುದು ನವಜಾತ ಶಿಶುವಿನಲ್ಲಿ.

ಆಗತಾನೆ ಜನಿಸಿದ ಮಗುವಿನಲ್ಲಿ ಕೆಂಪು ರಕ್ತಕಣಗಳು ಶೀಘ್ರವಾಗಿ ಒಡೆದು, ಬಿಲಿರುಬಿನ್ ಎಂಬ ಹಳದಿ ದ್ರವ್ಯವುಂಟಾಗುತ್ತದೆ. ಅದನ್ನೆಲ್ಲ ಹೊರಹಾಕುವ ಶಕ್ತಿ ಎಳೆಯ ಯಕೃತ್ತಿಗೆ ಇನ್ನೂ ಬಂದಿರುವುದಿಲ್ಲ. ಆದುದರಿಂದಲೇ ಅನೇಕ ಶಿಶುಗಳ ಮೈ ಮೊದಲ ವಾರದಲ್ಲಿ ಹಳದಿಗಟ್ಟುತ್ತದೆ. ಆಲ್ಬುಮಿನ್ ಈ ದ್ರವ್ಯವನ್ನು ತನ್ನೊಡನೆ ಬಂಧಿಸಿಕೊಂಡು ಯಕೃತ್ತಿಗೆ ಒಯ್ಯುತ್ತದೆ. ಬಂಧಿತವಾದ ಬಿಲಿರುಬಿನ್ ಮಿದುಳನ್ನು ಹೊಗಲಾರದು. ಬಿಡಿಯಾಗಿ ಉಳಿದದ್ದು ಹೊಗಬಲ್ಲದು. ಹಾಗೇನಾದರೂ ಹೊಕ್ಕಿತೆಂದರೆ, ಮಗು ಬದುಕುಳಿದರೂ ಶ್ರವಣಶಕ್ತಿಯನ್ನೂ ಕೈಕಾಲುಗಳ ಮೇಲಿನ ಹಿಡಿತವನ್ನೂ ಜೀವಮಾನವಿಡೀ ಕಳೆದುಕೊಳ್ಳಬಹುದು. ವೈದ್ಯಶಾಸ್ತ್ರದಲ್ಲಿ ಈ ಹಾನಿಗೆ ಕರ್ನಿಕ್ಟೆರಸ್ ಎಂದು ಹೆಸರು.

ಇಂಥ ಕಾವಲನ್ನು ಒಮ್ಮೆ ಮುರಿದದ್ದು ವೈದ್ಯರ ಸದುದ್ದೇಶವೇ ಎಂಬುದು ವಿಷಾದದ ಸಂಗತಿ. 1950ರ ದಶಕದ ಮೊದಲ ಭಾಗದಲ್ಲಿ ನ್ಯೂಯಾರ್ಕಿನ ಬೇಬೀಸ್ ಆಸ್ಪತ್ರೆಯಲ್ಲಿ, ದಿನ ತುಂಬದೆ ಹುಟ್ಟಿದ ಶಿಶುಗಳಿಗೆ ಸೋಂಕು ತಗಲದಿರಲೆಂದು ಪೆನಿಸಿಲಿನ್ ಜೊತೆಗೆ ಸಲ್ಫಿಸಾಕ್ಸಜೋಲ್ ಎಂಬ ಸಲ್ಫಾ ಔಷಧವನ್ನು ಕೊಡುವ ರೂಢಿಯಿತ್ತು. ವಿಲಿಯಂ ಸಿಲ್ವರ್‌ಮನ್ ಮತ್ತು ಅವರ ಸಂಗಡಿಗರು ಶಿಶುಗಳನ್ನು ಎರಡು ಗುಂಪುಗಳಾಗಿ ವಿಂಗಡಿಸಿ, ಒಂದಕ್ಕೆ ರೂಢಿಯ ಔಷಧಗಳನ್ನೂ ಇನ್ನೊಂದಕ್ಕೆ ಆಕ್ಸಿಟೆಟ್ರಾಸೈಕ್ಲಿನನ್ನೂ ಕೊಟ್ಟು ಹೋಲಿಸಿದರು. 1956ರಲ್ಲಿ ಫಲಿತಾಂಶ ಪ್ರಕಟವಾಯಿತು. ಸಲ್ಫಾ ಪಡೆದ ಗುಂಪಿನಲ್ಲಿಯೇ ಮರಣಗಳು ಹೆಚ್ಚಾಗಿದ್ದವು. ಶವಪರೀಕ್ಷೆಯಲ್ಲಿ ಕರ್ನಿಕ್ಟೆರಸ್ ಕಂಡುಬಂದದ್ದೂ ಅಲ್ಲಿಯೇ ಅಧಿಕ. ಇದರ ಕಾರಣವನ್ನು 1959ರಲ್ಲಿ ಜೆರಾರ್ಡ್ ಓಡೆಲ್ ವಿವರಿಸಿದರು: ಸಲ್ಫಾ ಔಷಧವು ಆಲ್ಬುಮಿನ್ನಿಗೆ ತಾನೇ ಅಂಟಿಕೊಂಡು ಬಿಲಿರುಬಿನ್ನನ್ನು ಅಲ್ಲಿಂದ ಹೊರದೂಡುತ್ತಿತ್ತು. ಹೊರಬಿದ್ದ ದ್ರವ್ಯವು ರಕ್ತವನ್ನು ಬಿಟ್ಟು ಅಂಗಾಂಶಗಳನ್ನು ಸೇರುವುದರಿಂದ, ರಕ್ತದಲ್ಲಿ ಹಳದಿ ತಗ್ಗಿದಂತೆ ತೋರಿದರೂ ಮಿದುಳಿಗೆ ಅಪಾಯ ಹೆಚ್ಚುತ್ತಿತ್ತು.

ಎಳೆಯ ಶಿಶುಗಳನ್ನು ಹೀಗೆ ಗುಂಪು ಮಾಡಿ ಹೋಲಿಸುವುದು ನಿರ್ದಯವಲ್ಲವೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸಹಜವಾದುದೇ. ಆದರೆ ಹೋಲಿಕೆ ನಡೆಯದಿದ್ದರೆ, ದಿನ ತುಂಬದ ಕೂಸು ಉಳಿಯಲಿಲ್ಲ ಎಂಬ ಒಂದೇ ಮಾತಿನಲ್ಲಿ ಆ ಸಾವುಗಳೆಲ್ಲ ಮುಗಿದುಹೋಗುತ್ತಿದ್ದವು. ಔಷಧದತ್ತ ಯಾರೂ ಬೆರಳು ತೋರಿಸುತ್ತಿರಲಿಲ್ಲ. ಪರೀಕ್ಷಿಸದ ರೂಢಿಯನ್ನು ಪ್ರತಿಯೊಂದು ಶಿಶುವಿನ ಮೇಲೂ ಪ್ರಯೋಗಿಸುವುದೇ ನಿಜವಾದ ನಿರ್ದಯತೆ.

ಈ ಪಾಠ ನ್ಯೂಯಾರ್ಕಿಗಷ್ಟೇ ಸೀಮಿತವಲ್ಲ. ಹಳದಿಗಟ್ಟಿದ ಮಗುವನ್ನು ಎಳೆಬಿಸಿಲಿಗೆ ಹಿಡಿದರೆ ಸಾಕೆಂಬ ನಂಬಿಕೆ ನಮ್ಮ ನಾಡಿನ ಮನೆಗಳಲ್ಲಿಯೂ ಇದೆ. ಬೆಳಕು ಬಿಲಿರುಬಿನ್ನನ್ನು ಮಾರ್ಪಡಿಸುವುದು ನಿಜ. ಇಂಗ್ಲೆಂಡಿನ ರೋಚ್‌ಫರ್ಡ್ ಆಸ್ಪತ್ರೆಯ ವೈದ್ಯರು 1958ರಲ್ಲಿಯೇ ಅದನ್ನು ಅಳೆದು ಪ್ರಕಟಿಸಿದರು. ಆದರೆ ಆಸ್ಪತ್ರೆಯ ದೀಪಚಿಕಿತ್ಸೆಗೆ ಅಳತೆಯುಂಟು, ಅಂಗಳದ ಬಿಸಿಲಿಗೆ ಅಳತೆಯಿಲ್ಲ. ಹುಟ್ಟಿದ ಮೊದಲ ದಿನವೇ ಹಳದಿ ಕಂಡರೆ, ಅದು ಅಂಗಾಲಿನವರೆಗೆ ಹಬ್ಬಿದರೆ, ಮಗು ಮೊಲೆಹಾಲು ಬಿಟ್ಟು ಮಂಕಾದರೆ, ವಿಳಂಬ ಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು. ಆಲ್ಬುಮಿನ್ನಿನ ಕಾವಲಿಗೂ ಒಂದು ಮಿತಿಯಿದೆ.

ವಿಜ್ಞಾನಪಾಠದಲ್ಲಿ ಪ್ರೋಟೀನುಗಳ ಹೆಸರನ್ನು ಬಾಯಿಪಾಠ ಮಾಡಿಸುವುದು ಸುಲಭ. ಪ್ರತಿಯೊಂದು ಉಪಾಯದ ಮುಂದೆಯೂ "ಇದು ಫಲಿಸಿತೆಂದು ತಿಳಿದದ್ದು ಹೇಗೆ?" ಎಂದು ಕೇಳುವ ಅಭ್ಯಾಸವನ್ನು ಬೆಳೆಸುವುದು ಕಷ್ಟ. ಅಧ್ಯಾಪಕರ ಶ್ರಮವೂ ಪ್ರಯೋಗಶಾಲೆಗೆ ನೀಡಿದ ದಾನವೂ ಸಾರ್ಥಕವಾಗುವುದು ಆ ಅಭ್ಯಾಸದಿಂದಲೇ. ಸಿಲ್ವರ್‌ಮನ್ ಅವರ ಕಾಲದ ವೈದ್ಯರಲ್ಲಿ ಕರುಣೆಗೆ ಕೊರತೆಯಿರಲಿಲ್ಲ. ಆ ಕರುಣೆಯನ್ನು ಪರೀಕ್ಷೆಗೆ ಒಡ್ಡಿದ ಬಳಿಕವೇ ಶಿಶುಗಳ ಮಿದುಳಿಗೆ ರಕ್ಷಣೆ ದೊರೆತದ್ದು.