ಸಹಿ ಹಾಕುವ ಮುಂಚೆ



ಹೋದ ತಿಂಗಳು ಅಂಗಳದಲ್ಲಿ ಹಲಸಿನ ಹಪ್ಪಳ ಒಣಹಾಕಿ ಕಾಗೆ ಕಾಯುತ್ತಾ ಕೂತಿದ್ದೆ. ಹೊಸನಗರದ ಕಡೆಗೆ ಕೊಟ್ಟ ನನ್ನ ಬಾಲ್ಯದ ಗೆಳತಿ ಬಂದಳು. ಕೈಚೀಲದಿಂದ ಒಂದು ಕಾಗದ ತೆಗೆದು, "ಇದೆಂಥದ್ದು ನೋಡೇ. ಅಣ್ಣ ಕೊಟ್ಟಿದಾನೆ. ಸೋಮವಾರ ಸಾಗರಕ್ಕೆ ಬಂದು ಸಹಿ ಹಾಕಬೇಕಂತೆ" ಅಂದಳು. ಓದಿದರೆ ಹಕ್ಕು ಬಿಡುಗಡೆ ಪತ್ರ! ತೀರಿಕೊಂಡ ಅಪ್ಪನ ಗದ್ದೆ-ತೋಟದಲ್ಲಿ ತನಗೇನೂ ಬೇಡವೆಂದು ಅವಳೇ ಬರೆದುಕೊಡುವ ಹಾಗೆ ಇತ್ತು. "ಹಾಕದಿದ್ದರೆ ತವರಿನ ಬಾಗಿಲು ಮುಚ್ಚುತ್ತಲ್ಲೇ" ಅನ್ನುವಾಗ ಅವಳ ಕಣ್ಣು ತುಂಬಿತ್ತು.

ಆ ಗದ್ದೆಯ ಕತೆ ನನಗೂ ಗೊತ್ತು. ಅವಳ ಅಜ್ಜ ಅದನ್ನು ಗೇಣಿಗೆ ಮಾಡುತ್ತಿದ್ದವರು. 1951ರಲ್ಲಿ ನಮ್ಮ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದ್ದು ಹಿರಿಯರ ಬಾಯಲ್ಲಿ ಕೇಳಿದ್ದೀರಿ. ಭತ್ತ ಅಳೆಯುವ ಕೊಳಗದ ಅನ್ಯಾಯದಿಂದ ಎದ್ದ ಹೋರಾಟ ಅದು. ಎಚ್. ಗಣಪತಿಯಪ್ಪನವರು ಮುಂದೆ ನಿಂತರು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. 1952ರಲ್ಲಿ ಸಾಗರ-ಹೊಸನಗರದಿಂದಲೂ ಆಮೇಲೆ ತೀರ್ಥಹಳ್ಳಿಯಿಂದಲೂ ಗೆದ್ದ ಶಾಂತವೇರಿ ಗೋಪಾಲಗೌಡರು ವಿಧಾನಸಭೆಯಲ್ಲಿ ಗೇಣಿದಾರರ ಪರ ದನಿಯೆತ್ತಿದರು. ಕಡೆಗೆ ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಿಂದ, ಉಳುವವನಿಗೇ ಭೂಮಿ ಎನ್ನುವ ಕಾನೂನು ಜಾರಿಗೆ ಬಂತು.

ಆದರೆ ಭೂಮಿ ತಾನಾಗಿ ಮನೆಗೆ ಬರಲಿಲ್ಲ. ನಮೂನೆ 7ರಲ್ಲಿ ಅರ್ಜಿ ಬರೆದು ಭೂ ನ್ಯಾಯಮಂಡಳಿಗೆ ಕೊಡಬೇಕಿತ್ತು. 1979ರ ಜೂನ್ 30 ಕಡೆಯ ದಿನ. ಗೆಳತಿಯ ಅಜ್ಜ ಅರ್ಜಿ ಹಾಕಿದರು, ಗದ್ದೆ ಸಿಕ್ಕಿತು. ಒಡೆಯರ ಮುಲಾಜಿಗೆ, ಹೆದರಿಕೆಗೆ ಸುಮ್ಮನಿದ್ದವರು ಕಳೆದುಕೊಂಡರು.

ಮಾನವ ಹಕ್ಕು ಅಂದರೆ ದೊಡ್ಡವರ ಭಾಷಣದ ಮಾತು ಅಂದುಕೊಂಡಿದ್ದೆ. ಅಜ್ಜನ ಕತೆ ನೆನೆದಾಗ ತಿಳಿಯಿತು: ಕಾನೂನು ಎಲೆಗೆ ಬಡಿಸುತ್ತದೆ, ಉಣ್ಣುವುದಕ್ಕೆ ಕೈ ಚಾಚಬೇಕಾದವರು ನಾವೇ. ಮುಲಾಜು ಈಗ ನಮ್ಮ ಮುಂದೆ ಬಂದು ಕೂತಿದೆ, ಅಷ್ಟೇ.

ಕಾನೂನು ಏನು ಬಡಿಸಿದೆ? ಹಿಂದೂ ಮನೆತನಗಳಲ್ಲಿ ತಂದೆ ಉಯಿಲು ಬರೆಯದೆ ತೀರಿಕೊಂಡರೆ ಅವರ ಸ್ವಂತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು. ಇದು 1956ರಿಂದಲೇ ಇದೆ. ಪಿತ್ರಾರ್ಜಿತದಲ್ಲಿ ನಮ್ಮ ರಾಜ್ಯ 1994ರಲ್ಲಿ ಮದುವೆಯಾಗದ ಹೆಣ್ಣುಮಕ್ಕಳಿಗೆ ಹಕ್ಕು ಕೊಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಮದುವೆಯಾದವರನ್ನೂ ಸೇರಿಸಿತು. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ರಿಜಿಸ್ಟರ್ ಆದ ಪಾಲುಪಟ್ಟಿ ಇದ್ದರೆ ಅದನ್ನು ಈ ತಿದ್ದುಪಡಿ ಮುಟ್ಟುವುದಿಲ್ಲ.

"ವಕೀಲರಿಗೆ ಕೊಡಲು ದುಡ್ಡೆಲ್ಲಿದೆ?" ಅಂದಳು ಗೆಳತಿ. ಅದಕ್ಕೂ ದಾರಿಯಿದೆ ಕಣ್ರೀ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಲ್ಲಿ ಹೆಂಗಸರಿಗೆ ವಕೀಲರ ನೆರವು ಪುಕ್ಕಟೆ, ಆದಾಯ ಎಷ್ಟೇ ಇರಲಿ. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಕಡೆ ಕೋರ್ಟಿನಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿ. ಹೋಗಲಾಗದಿದ್ದರೆ 15100ಕ್ಕೆ ಫೋನ್ ಮಾಡಿ. ಮನೆಯೊಳಗೆ ಹೊಡೆತ-ಬೈಗುಳ ಇದ್ದವರಿಗೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆ ಇದೆ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ರಕ್ಷಣಾಧಿಕಾರಿ. ಸಹಾಯವಾಣಿ 181.

ಅಣ್ಣ-ತಮ್ಮಂದಿರ ಮೇಲೆ ಕೋರ್ಟು ಹತ್ತಿ ಅಂತ ನಾನು ಹೇಳುತ್ತಿಲ್ಲ. ಪ್ರೀತಿಯಿಂದ ಬಿಟ್ಟುಕೊಡುವುದಾದರೆ ಧಾರಾಳವಾಗಿ ಕೊಡಿ. ಆದರೆ ಏನು ಕೊಡುತ್ತಿದ್ದೇವೆಂದು ತಿಳಿದು ಕೊಡಿ. ಕಾಗದದ ಒಂದು ಪ್ರತಿ ಕೇಳಿ, ಮನೆಗೆ ತಂದು ಓದಿಸಿ. ರಿಜಿಸ್ಟರ್ ಆದ ಮೇಲೆ ಅದನ್ನು ತಿರುಗಿಸುವುದು ಬಲು ಕಷ್ಟ.

ಗೆಳತಿ ಆ ಸೋಮವಾರ ಸಹಿ ಹಾಕಲಿಲ್ಲ. ಸಮಿತಿಯ ವಕೀಲರಿಗೆ ಕಾಗದ ತೋರಿಸಿ, ಆಮೇಲೆ ಅಣ್ಣನ ಹತ್ತಿರ ಮಾತಾಡಿದಳು. ಅವನು ಇನ್ನೂ ಮುಖ ಊದಿಸಿಕೊಂಡೇ ಇದ್ದಾನಂತೆ. ಅತ್ತಿಗೆ ಮಾತ್ರ ಮೊನ್ನೆ ಒಂದು ಡಬ್ಬಿ ಮಿಡಿ ಉಪ್ಪಿನಕಾಯಿ ಕಳಿಸಿ, "ನನ್ನ ತವರಿನದ್ದೂ ಒಂದು ಕಾಗದ ಇದೆ, ಓದಿಸಿಕೊಡ್ತೀಯಾ?" ಅಂತ ಹೇಳಿಕಳಿಸಿದ್ದಾಳೆ.